ಬಾಣಂತನ

ಸೀಮಂತ ಮುಗಿದು ಹದಿನೈದು ದಿನವಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕೆಂದು ವಾರಿಜಾ ಬಟ್ಟೆಬರೆ ಜೋಡಿಸಿಟ್ಟು, ಕರೆಯಲು ಬರುವ ಅಣ್ಣನ ದಾರಿ ಕಾಯುತ್ತಿದ್ದಳು. ಆದರೆ ಅತ್ತೆ ಒಂದೇ ಹಟ ಹಿಡಿದಿದ್ದರು.

"ಎಲ್ಲಿಗೂ ಹೋಗೋದು ಬೇಡ. ಬಾಣಂತನ ಇಲ್ಲೇ ಆಗಲಿ, ನಾನು ಮಾಡ್ತೀನಿ."

"ಮೊದಲನೇ ಹೆರಿಗೆ ತವರಲ್ಲೇ ಅಲ್ವಾ ಅತ್ತೆ? ಅಮ್ಮ ಕಾಯ್ತಿರ್ತಾರೆ."

"ಕಳಿಸಲ್ಲ ಅಂದ್ರೆ ಕಳಿಸಲ್ಲ."

ಅತ್ತೆ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದರು. ಬಾಣಂತಿಗೆಂದು ಅಂಟು, ಕೊಬ್ಬರಿ ತರಿಸಿದರು. ತಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಮಗುವಿನ ಬಟ್ಟೆಗೆ ಹರಿಯುತ್ತ ಕೂತರು. ವಾರಿಜಾ ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಒಂದು ಮಧ್ಯಾಹ್ನ ತಡೆಯಲಾರದೆ ಅಂದುಬಿಟ್ಟಳು:

"ಹೆಣ್ಣು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ, ತಾಯಿ ಸಂಕಟ ಏನು ಅಂತ!"

ಅತ್ತೆ ಅರ್ಧ ಹರಿದ ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಇನ್ನೊಂದು ತುಂಡು ಹರಿದರು.

ಅದು ವಾರಿಜಾಳನ್ನು ಇನ್ನಷ್ಟು ಕೆರಳಿಸಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಣ್ಣನಿಗೆ ಫೋನ್ ಮಾಡಿದಳು.

"ನಾಳೇನೇ ಬಂದು ಕರ್ಕೊಂಡು ಹೋಗಣ್ಣ. ಅತ್ತೆ ಬಿಡ್ತಿಲ್ಲ. ನೀನು ಬಂದು ಜೋರು ಮಾಡಿದ್ರೆ ದಾರಿಗೆ ಬರ್ತಾರೆ."



"ಅವರನ್ನ ಬೈಬೇಡ ಕಣೇ," ಎಂದ ಅಣ್ಣ. "ಕೈಲಿ ಕಾಸಿಲ್ಲ, ನಮ್ಮಿಂದ ಬಾಣಂತನ ಮಾಡೋಕಾಗಲ್ಲ, 'ಕಳಿಸಲ್ಲ' ಅಂತ ನೀವೇ ಅವಳಿಗೆ ಹೇಳಿಬಿಡಿ ಅಂತ ಸೀಮಂತದ ದಿನ ಅವರ ಕೈ ಹಿಡಿದು ಬೇಡಿಕೊಂಡಿದ್ದು ನಮ್ಮಮ್ಮಾನೇ."