ಪಾರ್ಲರಿನವಳ ಬಂಗು

ದುಪಟ್ಟಾ ಬಿಚ್ಚಿ ಕುರ್ಚಿಯಲ್ಲಿ ಕೂತ ಹುಡುಗಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಪಾರ್ಲರಿನ ಶಶಿರೇಖಾಳ ಮುಖವನ್ನೇ ದಿಟ್ಟಿಸಿದಳು.

“ನಿಮಗೂ ದಿನ ತುಂಬಾಕ ಬಂದಾವು. ಆದ್ರೂ ಮಾರಿ ಎಷ್ಟ್ ಸ್ವಚ್ಛ ಐತ್ರಿ! ಏನ್ ಹಚ್ಚತೀರಿ ಅಕ್ಕಾರ?”

ಹುಡುಗಿಯ ಹೆಸರು ಸ್ಮಿತಾ. ಬಾಗಲಕೋಟೆ ಕಡೆಯವಳು, ಹೆಬ್ಬಾಳದ ಆಫೀಸೊಂದರಲ್ಲಿ ಕೆಲಸ, ಏಳು ತಿಂಗಳ ಬಸುರಿ. ಎರಡೂ ಕೆನ್ನೆಯ ಮೇಲೆ ಟೀ ಚೆಲ್ಲಿದ ಹಾಗೆ ಬಂಗು. ಸಾಲದ್ದಕ್ಕೆ ಮೇಲ್ದುಟಿಯ ಮೇಲೂ ಒಂದು ಪಟ್ಟಿ.

ಶಶಿರೇಖಾಳ ಮುಖವೇನೋ ನಿಜಕ್ಕೂ ಫಳಫಳ ಅನ್ನುತ್ತಿತ್ತು. ಅನ್ನದೆ ಏನು ಮಾಡೀತು? ಬೆಳಿಗ್ಗೆ ಎದ್ದು ಬಾಗಿಲು ಹಾಕಿಕೊಂಡು ಅಷ್ಟು ಫೌಂಡೇಶನ್ ಬಳಿದಿದ್ದಳು. ಅವಳಿಗೂ ಎಂಟನೇ ತಿಂಗಳು, ಅವಳಿಗೂ ಬಂಗು, ಅದೂ ಸ್ಮಿತಾಳದಕ್ಕಿಂತ ಒಂದು ಕೈ ಮೇಲೆ. ಹೋದ ವಾರ ಫೇಶಿಯಲ್‌ಗೆ ಬಂದಿದ್ದ ಮಧುಶ್ರೀ ಅದನ್ನು ನೋಡಿ, “ಅಯ್ಯೋ, ನಿಮಗೇ ಹಿಂಗಾದ್ರೆ ನಮಗೇನ್ ಮಾಡ್ತೀರಾ?” ಅಂತ ನಗುನಗುತ್ತಲೇ ಎದ್ದು ಹೋಗಿದ್ದಳು. ಅವಳ ಅಪಾರ್ಟ್‌ಮೆಂಟಿನವರು ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ಯಲಹಂಕದ ಅಟ್ಟೂರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಒಲಿಸಿಕೊಂಡು ನಿಲ್ಲಿಸಿದ ಪಾರ್ಲರ್ ಅದು. ಅದು ಕೈಬಿಟ್ಟು ಹೋದರೆ ಎನ್ನುವ ಭಯಕ್ಕೇ ಈ ಬಳಿಯುವ ಕೆಲಸ.

“ಅದೆಲ್ಲ ಮೇಂಟೆನೆನ್ಸ್ ಕಣ್ರೀ,” ಅಂದುಬಿಟ್ಟಳು.

ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದ ಅತ್ತೆ ಮುನಿಯಲ್ಲಮ್ಮ ಗೊಣಗಿದರು: “ಊ ಕಣವ್ವ, ಬೆಳಗ್ಗೆಯೆಲ್ಲಾ ಅದೇ ಮೇಂಟೆನೆನ್ಸು. ಗೋಡೆಗೆ ಸುಣ್ಣ ಒಡ್ಯೋರೂ ಅಷ್ಟೊತ್ತು ತಗಳಲ್ಲ.”

“ಅತ್ತೇ, ನೀವು ಸೊಪ್ಪು ನೋಡ್ಕೊಳಿ.”

ಬ್ಯಾಗಿನೊಳಗೆ ಏನನ್ನೋ ತಡಕಾಡುತ್ತಿದ್ದ ಸ್ಮಿತಾಗೆ ಇದು ಕೇಳಿಸಲಿಲ್ಲ. “ಭಾನುವಾರ ನನ್ನ ಕುಬಸ ಐತ್ರಿ. ನೀವು ಸೀಮಂತ ಅಂತೀರಲ್ಲ, ಅದ. ಊರಿಂದ ಎಲ್ಲಾರೂ ಬರ್ತಾರ. ಹಸಿರು ಸೀರಿ ಉಟ್ಕೊಂಡು ಎಲ್ಲಾರ ಮುಂದ ಈ ಮಾರಿ ಹೊತ್ಕೊಂಡು ಹೆಂಗ ಕೂಡ್ಲಿ? ನಮ್ಮ ಮನಿಯವ್ರು ಬ್ಯಾರೆ, ‘ಮೀಸಿ ನನಗಿಂತ ನಿನಗ ಚಂದ ಬಂದೈತಿ’ ಅಂತ ಕಾಡಸ್ತಾರ.” ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ತುಂಬಿಕೊಂಡವು.

ಕೊನೆಗೆ ಬ್ಯಾಗಿನಿಂದ ಒಂದು ಟ್ಯೂಬು ಹೊರಗೆ ಬಂತು. “ಮೆಡಿಕಲ್ ಶಾಪ್‌ನ್ಯಾಗ ಕೊಟ್ರು. ನಾಕ ದಿನದಾಗ ಹೋಗ್ತೈತಂತ. ಡಾಕ್ಟರಿಗೆ ಇನ್ನೂ ಕೇಳಿಲ್ಲ. ನೀವೂ ಇದನ್ನ ಹಚ್ಚತೀರೇನು? ಹೂಂ ಅನ್ರಿ, ಇವತ್ತಿಂದನ ಚಾಲೂ ಮಾಡ್ತೀನಿ.”

ಶಶಿರೇಖಾ ಬಗ್ಗಿ ಟ್ಯೂಬಿನ ಮೇಲಿನ ಹೆಸರು ಓದಿದಳು. ಅದೇ ಟ್ಯೂಬನ್ನು ಅವಳೂ ತಂದು ಡಾಕ್ಟರಿಗೆ ತೋರಿಸಿದ್ದಳು. ಬಸುರಿಯಾಗಿರುವಾಗ ಇದನ್ನು ಮುಟ್ಟಲೇಬಾರದು ಅಂತ ಆಯಮ್ಮ ಬೈದು ಕಸದ ಬುಟ್ಟಿಗೆ ಹಾಕಿಸಿದ್ದರು.

“ಅದನ್ನ ಹಚ್ಬೇಡಿ.”

“ಮತ್ತ ನಿಮ್ದು ಯಾವ್ದರಿಂದ ಹೋತು? ಗುಟ್ಟು ಬಿಟ್ಟುಕೊಡಂಗಿಲ್ಲ ಅನ್ರಿ!” ಸ್ಮಿತಾ ಮುನಿಸಿನಿಂದ ಟ್ಯೂಬನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು. ಈ ಹುಡುಗಿ ಮನೆಗೆ ಹೋಗಿ ಹಚ್ಚಿಯೇ ಹಚ್ಚುತ್ತಾಳೆ. ಅದನ್ನು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ.

ಮುನಿಯಲ್ಲಮ್ಮನ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತು. ಸೊಸೆ ಹತ್ತಿಯುಂಡೆಗೆ ಕ್ಲೆನ್ಸರ್ ಸುರಿದುಕೊಂಡು ಕನ್ನಡಿಗೆ ಎದುರಾಗಿ ನಿಂತು ಕೆನ್ನೆ ಒರೆಸಿಕೊಂಡಳು. ಮತ್ತೊಂದು ಕೆನ್ನೆ, ಹಣೆ, ಮೂಗು. ಹತ್ತಿ ಮಣ್ಣು ಮೆತ್ತಿದಂತಾಯಿತು. ಬಂಗು ತನ್ನ ಜಾಗದಲ್ಲೇ ಭದ್ರವಾಗಿ ಕೂತಿತ್ತು.

“ನೋಡಿ. ನಂದೂ ಹೋಗಿಲ್ಲ ಕಣ್ರೀ, ಮುಚ್ಚಿಟ್ಟಿದ್ದೆ ಅಷ್ಟೇ. ಬಿಸಿಲಿಗೆ ಹೋಗೋ ಮುಂಚೆ ಸನ್‌ಸ್ಕ್ರೀನ್ ಹಚ್ಕೊಳ್ಳಿ, ಛತ್ರಿ ಹಿಡ್ಕೊಳ್ಳಿ, ಉಳಿದಿದ್ದನ್ನ ಹೆರಿಗೆ ಆದ್ಮೇಲೆ ನೋಡೋಣ ಅಂದಿದ್ದಾರೆ ಡಾಕ್ಟ್ರು. ನನ್ನತ್ರ ಇರೋ ಗುಟ್ಟು ಇಷ್ಟೇ.”

ಸ್ಮಿತಾ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. ಇವಳೂ ಎದ್ದು ಹೋಗುತ್ತಾಳೆ ಅಂತ ಶಶಿರೇಖಾಗೆ ಖಾತ್ರಿಯಾಯಿತು.

“ಅಬ್ಬಾ, ಈಗ ನನ್ ಸೊಸೆ ಗುರ್ತು ಸಿಕ್ತು,” ಅಂದರು ಮುನಿಯಲ್ಲಮ್ಮ. “ನನ್ ಮಗ ಒಟ್ಟೇಲಿದ್ದಾಗ ನಂಗೂ ಇಂಗೇ ಬಂದಿತ್ತು ಕಣವ್ವ. ಓಗಕ್ಕೆ ಒಂದೊರ್ಸ ಆಯ್ತು. ನಮ್ ಯಜಮಾನ್ರಿಗೆ ಅದು ಬಂದಿದ್ದೂ ಗೊತ್ತಿಲ್ಲ, ಓಗಿದ್ದೂ ಗೊತ್ತಿಲ್ಲ.”

ಮೊದಲು ನಕ್ಕಿದ್ದು ಸ್ಮಿತಾ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು. ಟ್ಯೂಬು ತೆಗೆದು ಕಸದ ಬುಟ್ಟಿಗೆ ಎಸೆದಳು. ದುಪಟ್ಟಾ ಸುತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಭಾನುವಾರ ಮುಂಜಾನೆ ನಮ್ಮ ಮನಿಗೆ ಬರ್ರಿ. ನನ್ನ ಮೇಕಪ್ ನಿಮ್ಮ ಕೈಲೇ ಆಗಬೇಕು.”

ಶಶಿರೇಖಾಗೆ ಹೋದ ಜೀವ ಬಂದಂತಾಯಿತು. “ಬರ್ತೀನಿ ಕಣ್ರೀ, ಖಂಡಿತ ಬರ್ತೀನಿ. ಒಂದು ಚುಕ್ಕೇನೂ ಕಾಣದ ಹಾಗೆ ಮಾಡ್ತೀನಿ.”

“ಮಾಡ್ರಿ. ಆದ್ರ ನೀವ್ ಮಾತ್ರ ಮಾರಿ ತೊಳಕೊಂಡು ಹಿಂಗ ಬರ್ರಿ ಅಕ್ಕಾರ, ಏನೂ ಹಚ್ಕೋಬ್ಯಾಡ್ರಿ. ನಿಮ್ಮನ್ನ ಬಾಜೂಕ ಕುಂದ್ರಿಸ್ಕೊಂಡ್ರ ನಾ ಅಪ್ಸರೆ ಹಂಗ ಕಾಣ್ತೀನಿ.”