ಎಂಜಿನ್ನಿನೊಳಗಿನ ನೀರು

ಗ್ರೀಸಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಆಯುಧಪೂಜೆ ಮುಗಿಸಿ, ಚಕ್ರದಡಿ ಇಟ್ಟ ನಿಂಬೆಹಣ್ಣಿನ ಮೇಲೆ ಹತ್ತಿಸಲು ಅಪ್ಪ ಕೀ ತಿರುಗಿಸಿದರು. ಕಾರು ಟಕ್ ಅಂದು ನಿಂತೇಹೋಯಿತು. ಹೊಸಕೋಟೆಯ ಮೆಕ್ಯಾನಿಕ್, "ಎಂಜಿನ್ ಸೀಜ್ ಆಗಿದೆ, ಒಳಗೆಲ್ಲ ಕಚ್ಕೊಂಡಿದೆ, ಬೇರೇದೇ ಹಾಕ್ಬೇಕು" ಅಂದ. ಕಾರು ಸರಿಹೋಗಲಿ ಅಂತ ಅಮ್ಮ ದೇವರಿಗೆ ಮುಡಿಪು ಕಟ್ಟಿದಳು. ಅಪ್ಪನಿಗೆ ಮೆಕ್ಯಾನಿಕ್‌ನ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಮಾರನೆಯ ದಿನ ಕಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು, ಟ್ರ್ಯಾಕ್ಟರ್ ರಿಪೇರಿಯ ಮುನಿಯಣ್ಣನ ಹತ್ತಿರ ಹೋದೆವು.

ಮುನಿಯಣ್ಣ ಪ್ಲಗ್ ಬಿಚ್ಚಿ, ಸ್ಪ್ಯಾನರ್ ಹಾಕಿ ಎಂಜಿನ್ ತಿರುಗಿಸಿದ. ಪಿಚಕ್ಕನೆ ನೀರು ಚಿಮ್ಮಿತು.

"ಸೀಜೂ ಇಲ್ಲ, ಏನೂ ಇಲ್ಲ ಕಣಪ್ಪಾ. ಏರ್ ಫಿಲ್ಟರ್ ಮುಚ್ಚಳ ತೆಗ್ದು ಒಳಕ್ಕೆ ನೀರು ಬಿಟ್ಟವ್ರೆ. ಪೂಜೆಗೆ ತೊಳೆದವ್ರು ಯಾರು?"

ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

"ನಾನೇ ಕಣಣ್ಣ," ಅಂದರು ಅಪ್ಪ, ನನ್ನತ್ತ ತಿರುಗದೆ.

ಒಳಗೂ ಹೊಳೆಯಲಿ ಅಂತ ನಾನು ಪೈಪ್ ಹಿಡಿದಾಗ ಅಪ್ಪ ಇನ್ನೂ ಫ್ಯಾಕ್ಟರಿಯಿಂದ ಬಂದೇ ಇರಲಿಲ್ಲ.