ನಿರ್ಧಾರ ನಿಂದೇ

ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಫೈನಲ್. ಗೆಲ್ಲಲು ಉಳಿದಿದ್ದು ಒಂದೇ ಅವಕಾಶ. ಕೋಚ್, ಚೆಂಡನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಕ್ವಾರ್ಟರ್‌ಬ್ಯಾಕ್ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

“ಚೆಂಡನ್ನ ನಮ್ಮ ಓಟಗಾರನ ಹೊಟ್ಟೆಗೊತ್ತಿ ಹಿಡ್ಕೊಂಡು, ಎದುರು ಟೀಮಿನ ಆ ಉದ್ದನೆಯವನನ್ನೇ ನೋಡ್ತಿರು. ಅವನು ನಿಂತಲ್ಲೇ ನಿಂತ್ರೆ ಚೆಂಡನ್ನ ಓಟಗಾರನಿಗೇ ಬಿಡು. ನುಗ್ಗಿ ಬಂದ್ರೆ ವಾಪಸ್ ಎಳ್ಕೊಂಡು ದೂರದಲ್ಲಿರೋ ನಮ್ಮವನಿಗೆ ಎಸಿ.”

“ಸರ್, ಹೋದ ಮ್ಯಾಚಲ್ಲಿ ನಾನು ಎಸೆದೇ ಸೋತಿದ್ದು...”

“ಅದನ್ನ ಮರೆತುಬಿಡು. ನಿರ್ಧಾರ ನಿಂದೇ. ನಂಗೆ ನಂಬಿಕೆ ಇದೆ.”

ಹುಡುಗ ಚೆಂಡನ್ನು ಓಟಗಾರನ ಹೊಟ್ಟೆಗೊತ್ತಿ ಹಿಡಿದ. ಉದ್ದನೆಯವನು ನುಗ್ಗಿದ. ದೂರದ ಮೂಲೆಯಲ್ಲಿ ತಮ್ಮವನೊಬ್ಬ ಒಂಟಿಯಾಗಿ ಕೈಯೆತ್ತಿ ನಿಂತಿದ್ದ. ಹುಡುಗ ಚೆಂಡನ್ನು ಎಳೆದ, ಬರಲಿಲ್ಲ. ಓಟಗಾರ ಅದನ್ನು ಅವಚಿಕೊಂಡೇ ಗುಂಪಿಗೆ ನುಗ್ಗಿ ನೆಲಕ್ಕುರುಳಿದ. ಸೀಟಿ ಕೇಳಿಸಿತು; ಅವರು ಸೋತಿದ್ದರು.

“ನಾನು ಎಳೆದ್ನಲ್ಲೋ! ಯಾಕೋ ಬಿಡ್ಲಿಲ್ಲ?”

ಓಟಗಾರ ತಲೆಯೆತ್ತಲಿಲ್ಲ.

“ನೀನು ಎಳೆದ್ರೂ ಬಿಡ್ಬೇಡ ಅಂದಿದ್ರು ಕೋಚ್.”